ಒಂದು ಬದಿ ಚಪ್ಪಲಿಗೆ, ಒಂದು ಬದಿ ಕ್ಲೀಟಿಗೆ: ಮೂರು ವರ್ಷ ತುಳಿದ ಪೆಡಲ್

ನನ್ನ ಹತ್ತಿರ ಇರೋದು ಒಂದೇ ಸೈಕಲ್. ವಾರವಿಡೀ ಅದರಲ್ಲೇ ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಅದೇ ಸೈಕಲ್ ಚಾಮುಂಡಿ ಬೆಟ್ಟ ಹತ್ತಬೇಕು, ಇಲ್ಲಾಂದ್ರೆ ಶ್ರೀರಂಗಪಟ್ಟಣದವರೆಗೆ ಹೋಗಿ ಬರಬೇಕು. ಸಂಜೆ ಕೊತ್ತಂಬರಿ ಸೊಪ್ಪು ತರೋದಕ್ಕೂ ಅದೇ. ಆಗ ಕಾಲಲ್ಲಿ ಹವಾಯಿ ಚಪ್ಪಲಿ.

ಈ ಮೂರಕ್ಕೂ ಒಗ್ಗುವ ಪೆಡಲ್ ಹುಡುಕಿ ಹುಡುಕಿ ಕೊನೆಗೆ ಕೊಂಡದ್ದು ಶಿಮಾನೋದ ಪಿಡಿ-ಇಎಚ್500. ಒಂದು ಬದಿ ಚಪ್ಪಟೆ, ಅದರ ಮೇಲೆ ಮೊಳೆಯಂಥ ಸಣ್ಣ ಪಿನ್‌ಗಳು. ಇನ್ನೊಂದು ಬದಿ ಎಸ್‌ಪಿಡಿ, ಅಂದರೆ ಶೂ ಅಡಿಗೆ ಬೋಲ್ಟ್ ಹಾಕಿ ಕೂರಿಸುವ ಕಬ್ಬಿಣದ ತುಂಡನ್ನು, ಅಂದರೆ ಕ್ಲೀಟನ್ನು, ಕಚ್ಚಿ ಹಿಡಿಯುವ ಸ್ಪ್ರಿಂಗ್ ಕೊಂಡಿ. ಜೋಡಿಗೆ 383 ಗ್ರಾಂ. ಮೂರು ವರ್ಷ ಆಯಿತು, ಇನ್ನೂ ಅದೇ ಇದೆ.

ಮೊದಲು ನನ್ನ ಕಣ್ಣಿದ್ದದ್ದು ರೇಸ್ ಸೈಕಲ್‌ನವರು ಹಾಕುವ ಮೂರು ಬೋಲ್ಟಿನ ದೊಡ್ಡ ಕ್ಲೀಟಿನ ಮೇಲೆ. ನೋಡೋಕೆ ಚಂದ. ಆದರೆ ಅದು ರೇಸಿಗಾಗಿಯೇ ಬೆಳೆದ ವಂಶ. ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀಗೆ ಬೂಟನ್ನು ಕಚ್ಚಿಸುವ ಉಪಾಯವನ್ನೇ ತಂದು 1984ರಲ್ಲಿ ಅಂಥ ಪೆಡಲ್ ಮಾಡಿತು. ಮರುವರ್ಷ ಫ್ರಾನ್ಸಿನ ಸೈಕಲ್ ಓಟಗಾರ ಬರ್ನಾರ್ಡ್ ಹಿನೋ ಅದನ್ನು ತುಳಿದೇ ಟೂರ್ ದ ಫ್ರಾನ್ಸ್ ರೇಸ್ ಗೆದ್ದರು. ಇಳಿದು ನಡೆಯುವವರ ಯೋಚನೆ ಅಲ್ಲಿ ಇರಲಿಲ್ಲ. ಸ್ನೇಹಿತನ ಶೂ ಹಾಕಿಕೊಂಡು ಅವನ ಮನೆಯ ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಎಣ್ಣೆ ಚೆಲ್ಲಿದ ನೆಲದ ಮೇಲೆ ಬಾತುಕೋಳಿ ಬಿಟ್ಟ ಹಾಗಾಯಿತು. ಎಸ್‌ಪಿಡಿ 1990ರಲ್ಲಿ ಬಂದದ್ದು ಮೌಂಟನ್ ಬೈಕಿನವರಿಗೆ. ಅವರು ಕೆಸರಲ್ಲಿ ಇಳಿಯಬೇಕು, ಸೈಕಲ್ ಹೊತ್ತು ನಡೆಯಬೇಕು. ಅದಕ್ಕೇ ಕ್ಲೀಟು ಚಿಕ್ಕದು, ಎರಡೇ ಬೋಲ್ಟು, ಶೂ ಸೋಲಿನ ಗುಳಿಯೊಳಗೆ ಅಡಗಿ ಕೂರುತ್ತದೆ. ಆಫೀಸಿನ ಗ್ರಾನೈಟ್ ಮೇಲೆ ಟಕ್ ಟಕ್ ಅನ್ನುತ್ತೆ ಅಷ್ಟೇ. ನಮ್ಮ ಸೆಕ್ಯೂರಿಟಿಯವರು ಆ ಸದ್ದಿಗೇ ರಿಜಿಸ್ಟರ್ ತೆರೆದಿಡುತ್ತಾರೆ.

ಹಳೇ ಪೆಡಲ್ ಬಿಚ್ಚಿದ ದಿನದ್ದೇ ಒಂದು ಕಥೆ. ಬಲಗಡೆಯದು ಸುಲಭವಾಗಿ ಬಂತು. ಎಡಗಡೆಯದಕ್ಕೆ ಭಾವ ಕೈ ಹಾಕಿದರು. ಒತ್ತಿದಷ್ಟೂ ಬಿಗಿ. ಕೊನೆಗೆ ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಸುಲಿದುಹೋಯಿತು. ಸೈಕಲ್ ತಳ್ಳಿಕೊಂಡು ಬೀದಿ ಕೊನೆಯ ಅಂಗಡಿಗೆ ಹೋದೆವು. "ಎಡಗಡೇದು ಉಲ್ಟಾ ಸಾರ್, ನೀವು ಇನ್ನೂ ಟೈಟ್ ಮಾಡ್ಕೊಂಡ್ ಬಂದಿದ್ದೀರಾ" ಅಂತ ಅಂಗಡಿಯವರು ನಕ್ಕರು. ತುಳಿಯುವ ಭಾರಕ್ಕೆ ಪೆಡಲ್ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಎಡಗಡೆಯ ತಿರುಪಿನ ಸುತ್ತು ತಿರುಗುಮುರುಗಾಗಿ ಇರುತ್ತದೆ. ನೆನಪಿಗೆ ಒಂದು ದಾರಿ ಇದೆ: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿ ಇರಲಿ, ಎರಡೂ ಕಡೆ ಹಿಂದಿನ ಚಕ್ರದ ಕಡೆ ತಿರುಗಿಸಿದರೆ ಬಿಚ್ಚುತ್ತದೆ. ಹೊಸದನ್ನು ಹಾಕುವ ಮುಂಚೆ ಆ ತಿರುಪಿಗೆ ಗ್ರೀಸ್ ಹಚ್ಚಿ. ನಾನು ಹಚ್ಚದೆ ಎರಡು ತಿಂಗಳು ಕಿರ್ ಕಿರ್ ಕೇಳಿ, ಚೈನನ್ನೂ ಸೀಟನ್ನೂ ಬೈದುಕೊಂಡು ಓಡಾಡಿದೆ.

ಮೊದಲ ವಾರವೇ ಬಿದ್ದೆ. ಎಲ್ಲರೂ ಬೀಳುತ್ತಾರೆ ಅಂತ ಹೇಳಿದ್ದರು, ನಾನು ಬೀಳಲ್ಲ ಅಂದುಕೊಂಡಿದ್ದೆ. ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ನಿಂತೆ, ಎಡಗಾಲು ಬಿಡಿಸಿದೆ, ಸೈಕಲ್ ಬಲಕ್ಕೆ ವಾಲಿತು. ಬಲಗಾಲು ಕೊಂಡಿಯಲ್ಲೇ ಇತ್ತು. ಕಡಿದ ಬಾಳೆಗಿಡದ ಹಾಗೆ ನಿಧಾನಕ್ಕೆ ಒರಗಿದೆ. ಪಕ್ಕದ ಆಟೋದಲ್ಲಿದ್ದ ಅಜ್ಜಿ "ಅಯ್ಯೋ, ನಿಂತಲ್ಲೇ ಬಿದ್ನಲ್ಲ ಪಾಪ" ಅಂದದ್ದು ಮೊಣಕೈಗಿಂತ ಜಾಸ್ತಿ ಉರಿಯಿತು.

ಆಗ ನಾನು ಬಳಸುತ್ತಿದ್ದದ್ದು ಎಸ್‌ಎಚ್51 ಕ್ಲೀಟು. ಅದು ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಹಾಗಲ್ಲ. ಗಾಬರಿಯಲ್ಲಿ ಕಾಲನ್ನು ಓರೆಯಾಗಿ ಮೇಲಕ್ಕೆ ಕಿತ್ತರೂ ಬಿಡುತ್ತದೆ. ಊರೊಳಗೆ ಓಡಿಸುವವರು ಕಣ್ಣು ಮುಚ್ಚಿ ಇದನ್ನೇ ಹಾಕಿಕೊಳ್ಳಿ. ಕೊಂಡಿಯ ಬಿಗಿಯನ್ನು 3 ಮಿ.ಮೀ. ಅಲೆನ್ ಕೀಯಿಂದ ಪೂರ್ತಿ ಸಡಿಲ ಮಾಡಿ ಶುರು ಮಾಡಿ. ನಾನು ಈಗಲೂ ಎರಡು ಕ್ಲಿಕ್ಕಿಗಿಂತ ಮೇಲೆ ಹೋಗಿಲ್ಲ.

ಇಂಥ ಎರಡು ಮುಖದ ಪೆಡಲ್‌ಗಳದ್ದೆಲ್ಲ ಒಂದೇ ರೋಗ: ಬೇಕಾದ ಬದಿ ಬೇಕಾದಾಗ ಮೇಲೆ ಇರಲ್ಲ. ಹಸಿರು ದೀಪ ಬಿದ್ದಿದೆ, ಹಿಂದೆ ಬಸ್ಸಿನ ಹಾರ್ನ್, ನೀವು ತುದಿಗಾಲಲ್ಲಿ ಪೆಡಲ್ ಮಗುಚುತ್ತಾ ಇರುತ್ತೀರಿ. ಆರು ತಿಂಗಳಾದ ಮೇಲೆ ಕಾಲಿಗೇ ಗೊತ್ತಾಗುತ್ತದೆ, ಬಗ್ಗಿ ನೋಡುವ ಕೆಲಸ ಇರಲ್ಲ. ಆದರೂ ಹತ್ತರಲ್ಲಿ ಎರಡು ಸಲ ತಪ್ಪುತ್ತದೆ. ನಾನು ಮಾಡಿಕೊಂಡ ವ್ಯವಸ್ಥೆ ಸರಳ. ಕುಕ್ಕರಹಳ್ಳಿ ಕೆರೆಯ ಪಕ್ಕದ ಖಾಲಿ ರಸ್ತೆಯಲ್ಲಿ ಕ್ಲೀಟನ್ನು ಕೊಂಡಿಗೆ ಕ್ಲಿಪ್ ಮಾಡುತ್ತೇನೆ. ಸಿಗ್ನಲ್ ಸಾಲು ಶುರುವಾದ ಮೇಲೆ ಕ್ಲೀಟಿನ ಶೂ ಇದ್ದರೂ ಚಪ್ಪಟೆ ಬದಿಯಲ್ಲೇ ತುಳಿಯುತ್ತೇನೆ.

ಬೆಟ್ಟದ ವಿಷಯಕ್ಕೆ ಬಂದರೆ, ಕ್ಲಿಪ್ ಮಾಡಿಕೊಂಡರೆ ಕಾಲನ್ನು ಮೇಲಕ್ಕೆ ಎಳೆದು ಸಿಕ್ಕಾಪಟ್ಟೆ ಶಕ್ತಿ ಸಿಗುತ್ತದೆ ಅನ್ನೋದು ನನ್ನ ಅನುಭವಕ್ಕಂತೂ ಬಂದಿಲ್ಲ. ನನ್ನ ಟೈಮಿಂಗ್ ಏನೂ ಬದಲಾಗಲಿಲ್ಲ. ಬದಲಾದದ್ದು ಬೇರೆ. ಸುಸ್ತಾದಾಗ ಪಾದ ಅತ್ತಿತ್ತ ಸರಿಯಲ್ಲ. ಎದ್ದು ನಿಂತು ತುಳಿಯುವಾಗ ಭಯ ಇರಲ್ಲ. ಇಳಿಜಾರಿನಲ್ಲಿ ಹಳ್ಳ ಸಿಕ್ಕರೆ ಕಾಲು ಹಾರಲ್ಲ. ಆದರೆ ಪಾದ ಒಂದೇ ಕಡೆ ಕೂತಿರುವುದರಿಂದ ಕ್ಲೀಟು ಸ್ವಲ್ಪ ಸೊಟ್ಟ ಇದ್ದರೂ ಮಂಡಿ ದೂರು ಹೇಳುತ್ತದೆ. ನನಗೆ ಒಂದು ತಿಂಗಳು ಬಲಮಂಡಿ ಹೊರಬದಿ ನೋಯುತ್ತಿತ್ತು. ಕ್ಲೀಟನ್ನು ಹೆಬ್ಬೆರಳ ಬುಡದ ಉಬ್ಬಿಗಿಂತ ಒಂದು ಚೂರು ಹಿಂದೆ ಸರಿಸಿ, ನಾನು ಸಹಜವಾಗಿ ಕಾಲಿಡುವ ಕೋನಕ್ಕೆ ತಿರುಗಿಸಿದ ಮೇಲೆ ಹೋಯಿತು. ಈಗ ಕ್ಲೀಟು ಬದಲಿಸುವ ಮುಂಚೆ ಹಳೆಯದರ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯುತ್ತೇನೆ.

ಚಪ್ಪಟೆ ಬದಿಯ ಪಿನ್ ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಹವಾಯಿ ಚಪ್ಪಲಿಯೂ ಜಾರಲ್ಲ. ಪಿನ್ ಇರುವ ಯಾವ ಪೆಡಲ್ ಆದರೂ ಮೊಣಕಾಲ ಕೆಳಗಿನ ಎಲುಬಿಗೆ ಒಮ್ಮೆಯಾದರೂ ಮುತ್ತು ಕೊಡದೆ ಬಿಡಲ್ಲ, ನನ್ನ ಎಡಗಾಲಲ್ಲಿ ಎರಡು ಚುಕ್ಕೆ ಇವೆ. ಚರ್ಮದ ಸೋಲಿನ ಶೂ ಹಾಕುವವರು ಪಿನ್ ಬಿಚ್ಚಿಟ್ಟುಕೊಳ್ಳಿ, ಇದರಲ್ಲಿ ಬಿಚ್ಚಬಹುದು.

ಹಾಗಾಗಿ ಪೆಡಲ್ ಕೇಳುವವರಿಗೆ ನಾನು ಕೇಳೋದು ಒಂದೇ: ವಾರದಲ್ಲಿ ಎಷ್ಟು ದಿನ ಮಾಮೂಲಿ ಶೂ ಅಥವಾ ಚಪ್ಪಲಿಯಲ್ಲಿ ಸೈಕಲ್ ಹತ್ತುತ್ತೀರಿ? ಮೂರು ದಿನಕ್ಕಿಂತ ಜಾಸ್ತಿ ಆದರೆ ಈ ಥರದ್ದೇ ಸರಿ. ಆಫೀಸಲ್ಲಿ ಬೇರೆ ಶೂ ಇಟ್ಟುಕೊಂಡು ದಿನಾ ಕ್ಲೀಟಿನಲ್ಲೇ ಹೋಗುವವರಾದರೆ ಎರಡೂ ಬದಿ ಎಸ್‌ಪಿಡಿ ಇರುವುದನ್ನು ತಗೊಳ್ಳಿ, ಮಗುಚುವ ತಲೆನೋವೇ ಇರಲ್ಲ. ಭಾನುವಾರವೂ 20 ಕಿ.ಮೀ. ದಾಟದವರಿಗೆ ಒಳ್ಳೆಯ ಚಪ್ಪಟೆ ಪೆಡಲ್ ಸಾಕು, ಸುಮ್ನೆ ಶೂಗೆ ದುಡ್ಡು ಸುರಿಯಬೇಡಿ.

ಹೋದ ತಿಂಗಳು ಕ್ಲೀಟು ಬಿಚ್ಚಲು ಕೂತೆ. ಬೋಲ್ಟಿನ ತೂತಿಗೆ ಕೆಮ್ಮಣ್ಣು ಮೆತ್ತಿ ಅಲೆನ್ ಕೀ ಒಳಗೇ ಇಳಿಯಲಿಲ್ಲ. ಅಮ್ಮನ ಸೇಫ್ಟಿ ಪಿನ್ ತಂದು ಕೆದಕಿದೆ. ಎಡಗಾಲಿನದು ಪೂರ್ತಿ ಸವೆದಿತ್ತು, ನಿಲ್ಲುವಾಗ ಮೊದಲು ಬಿಡಿಸೋದು ಅದೇ ತಾನೇ. ಬಲಗಾಲಿನದು ಹೆಚ್ಚು ಕಮ್ಮಿ ಹೊಸದರ ಹಾಗಿತ್ತು. ಈ ಕ್ಲೀಟಿನಲ್ಲಿ ಎಡ ಬಲ ಅಂತ ಭೇದ ಇಲ್ಲ. ಹಾಗಾಗಿ ಬಲಗಾಲಿನದನ್ನು ಎಡಕ್ಕೆ ಹಾಕಿ, ಹೊಸ ಜೋಡಿಯಿಂದ ಒಂದನ್ನು ಬಲಕ್ಕೆ ಹಾಕಿದೆ. ಉಳಿದ ಒಂದು ಅಲೆನ್ ಕೀ ಡಬ್ಬಿಯಲ್ಲಿದೆ.