ಕ್ಯಾಲ್ಕ್ಯುಲಿಕ್ಸ್ ಜೊತೆ ನಾಲ್ಕು ವರ್ಷ: ಕಾರ್ಬೈಡ್ ಡೈಯೊಳಗಿನ ಬಿರುಕು

ಹೊಸೂರಿನಲ್ಲಿ ನಮ್ಮದೊಂದು ಸಣ್ಣ ಟೂಲ್ ರೂಮ್ ಇದೆ. ಬೋಲ್ಟ್‌ಗೆ ತಲೆ ಹೊಡೆಯುವ ಕಾರ್ಬೈಡ್ ಡೈ (ಅಚ್ಚು) ಮಾಡುತ್ತೇವೆ. ಚೆನ್ನಾಗಿ ಓಡುತ್ತಿದ್ದ ಡೈ ಒಂದು ದಿನ ಸೀಳಿಕೊಂಡು ವಾಪಸ್ ಬರುತ್ತಿತ್ತು. ಒಂದೇ ಏಟಿಗೆ ಒಡೆಯುವಷ್ಟು ಲೋಡ್ ಏನೂ ಇರಲಿಲ್ಲ. ಅದೇ ಏಟು ಲಕ್ಷ ಸಲ ಬಿದ್ದರೆ ಒಳಗೆ ಏನಾಗುತ್ತದೆ ಅಂತ ನೋಡಬೇಕಿತ್ತು. ಅದಕ್ಕೇ ಕ್ಯಾಲ್ಕ್ಯುಲಿಕ್ಸ್ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲದ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಇದು, ಅಂದರೆ ವಸ್ತುವನ್ನು ಸಣ್ಣ ಸಣ್ಣ ತುಂಡು (ಎಲಿಮೆಂಟ್) ಮಾಡಿ ಒಳಗಿನ ಬಲದ ಲೆಕ್ಕ ಹಾಕುತ್ತದೆ.

ಮೊದಲ ಎರಡು ತಿಂಗಳು ಕಷ್ಟಪಟ್ಟೆ. ಎಲ್ಲವನ್ನೂ ಟೆಕ್ಸ್ಟ್ ಫೈಲಿನಲ್ಲೇ ಬರೆಯಬೇಕು. ಅಬಾಕಸ್ (Abaqus) ಅನ್ನುವ ಇದೇ ಥರದ ಸಾಫ್ಟ್‌ವೇರ್ ಗೊತ್ತಿದ್ದವರಿಗೆ ಬೇಗ ಕೈ ಹತ್ತುತ್ತದೆ. ಮೆಶ್‌ಗೆ, ಅಂದರೆ ಆ ತುಂಡುಗಳ ಜಾಲ ಹೆಣೆಯಲು, ಜಿಮೆಶ್ ಅನ್ನುವ ಸಾಫ್ಟ್‌ವೇರ್ ಸಾಕು.

ಕಾರ್ಬೈಡ್ ಅಂದರೆ ಟಂಗ್‌ಸ್ಟನ್ ಕಾರ್ಬೈಡ್ ಕಾಳುಗಳು, ಅವನ್ನು ಹಿಡಿದಿಟ್ಟ ಕೋಬಾಲ್ಟ್. ಕಾಳಿನ ಸ್ಥಿತಿಸ್ಥಾಪಕತಾ ಗುಣಾಂಕ (ಎಷ್ಟು ಬಿಗಿ ಅನ್ನುವ ಅಳತೆ) ಸುಮಾರು 700 ಗಿಗಾಪಾಸ್ಕಲ್, ಕೋಬಾಲ್ಟ್‌ದು ಸುಮಾರು 210. ಸಿಂಟರ್ ಆಗಿ (ಪುಡಿ ಬಿಸಿಗೆ ಬೆಸೆದುಕೊಂಡು) ತಣ್ಣಗಾಗುವಾಗ ಕೋಬಾಲ್ಟ್ ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಲೋಡ್ ಬೀಳುವ ಮೊದಲೇ ಅದರಲ್ಲಿ ಎಳೆತ ಇರುತ್ತದೆ. ಈ ತಣ್ಣಗಾಗುವ ಹಂತವನ್ನು ಬಿಟ್ಟು ಲೆಕ್ಕ ಶುರು ಮಾಡಬೇಡಿ.

ಬಿರುಕು ಬೆಳೆಸಲು ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡೆ. ಸೋತ ಎಲಿಮೆಂಟ್‌ನ ಬಲ ಇಳಿಸಿ ಮತ್ತೆ ಓಡಿಸುತ್ತದೆ. ಬೆಂಡೆಕಾಯಿ ಹೆಚ್ಚಿದಾಗ ಎರಡು ಹೋಳಿನ ನಡುವೆ ಲೋಳೆ ಎಳೆ ನಿಲ್ಲುತ್ತಲ್ವಾ, ಹಾಗೇ ಬಿರುಕಿನ ತುದಿ ಮುಂದೆ ಹೋದರೂ ಹಿಂದೆ ಕೋಬಾಲ್ಟ್ ಎಳೆಗಳು ಎರಡೂ ದಡ ಹಿಡಿದು ನಿಂತಿರುತ್ತವೆ. ಏಟು ಬಿದ್ದಂತೆಲ್ಲ ಅವು ಒಂದೊಂದಾಗಿ ಹರಿಯುತ್ತವೆ. ಮೊದಲ ಸಲ ಪರದೆ ಮೇಲೆ ಇದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆರು ತಿಂಗಳು ಕಳೆದುಕೊಂಡಿದ್ದು ಎರಡು ಆಯಾಮದ ಮಾದರಿಯಲ್ಲಿ. ಮೈಕ್ರೋಸ್ಕೋಪ್ ಫೋಟೋದಲ್ಲಿ ಕೋಬಾಲ್ಟ್ ಬಿಡಿ ಬಿಡಿ ದ್ವೀಪದ ಹಾಗೆ ಕಾಣುತ್ತದೆ. ನಿಜದಲ್ಲಿ ಅದು ಒಂದಕ್ಕೊಂದು ಸೇರಿದ ಬಲೆ. ಮೂರು ಆಯಾಮಕ್ಕೆ ಹೋದ ಮೇಲೆ ಬಿರುಕಿನ ದಾರಿ ನಮ್ಮ ಒಡೆದ ಡೈಗೆ ಹತ್ತಿರ ಬಂತು. ಕೆಲವೇ ಮೈಕ್ರಾನಿನ ತುಂಡಿಗೂ ರಾತ್ರಿಯಿಡೀ ಓಡಬೇಕು.

ಡೈ ಎಷ್ಟು ಏಟು ತಾಳುತ್ತದೆ ಅಂತ ಮಾತ್ರ ಇದರಿಂದ ಹೇಳಲು ಹೋಗಬೇಡಿ. ಬಿರುಕಿನ ವೇಗ ಲೋಡಿನ ಒಂದು ಘಾತದಂತೆ ಏರುತ್ತದೆ; ಆ ಘಾತಾಂಕ ಉಕ್ಕಿಗೆ 3ರ ಆಸುಪಾಸು, ಕಾರ್ಬೈಡ್‌ಗೆ 10 ದಾಟುತ್ತದೆ. 12 ಅಂದುಕೊಳ್ಳಿ. ಲೋಡ್ 10% ತಪ್ಪಿದರೆ ವೇಗ ಮೂರು ಪಟ್ಟು ತಪ್ಪುತ್ತದೆ! ಎರಡು ಗ್ರೇಡ್ ಹೋಲಿಸಲು ಮಾತ್ರ ನಾನು ಬಳಸುತ್ತೇನೆ.

ಮೊದಲು ಡೈ ಒಡೆದರೆ ಕೋಬಾಲ್ಟ್ ಜಾಸ್ತಿ ಇರುವ ಗ್ರೇಡ್ ತರಿಸುತ್ತಿದ್ದೆವು. ಅದು ಒಂದು ಏಟಿಗೆ ಗಟ್ಟಿ, ಆದರೆ ಪದೇ ಪದೇ ಬೀಳುವ ಏಟಿಗೆ ತನ್ನ ಬಲವನ್ನು ಜಾಸ್ತಿ ಕಳೆದುಕೊಳ್ಳುತ್ತದೆ. ಈಗ ಗ್ರೇಡ್ ಮುಟ್ಟುವ ಮೊದಲು ಡೈಯನ್ನು ಸುತ್ತಿ ಹಿಡಿದಿರುವ ಉಕ್ಕಿನ ಹೊರಬಳೆಯ ಬಿಗಿ ನೋಡುತ್ತೇವೆ. ತಳಿ ಅನ್ನುವ ಊರಿನಿಂದ ಬರುವ ನಮ್ಮ ಫಿಟ್ಟರ್ ಅಣ್ಣ ಇದನ್ನು ಮೊದಲಿಂದಲೂ ಹೇಳುತ್ತಿದ್ದರು.

ಹಾಕಿಕೊಳ್ಳುವವರು ಮೊದಲು ರ‍್ಯಾಮ್ ಜಾಸ್ತಿ ಮಾಡಿಸಿಕೊಳ್ಳಿ.