ಪೆಂಬರ್ಲಿಯ ಕೊಲೆ: ಎರಡು ಪುಸ್ತಕ, ಒಂದು ಸೀರಿಯಲ್

ಎಲಿಜಬೆತ್ ಮತ್ತು ಡಾರ್ಸಿ ಮದುವೆಯಾದ ಮೇಲೆ ಏನಾಯಿತು? ಜೇನ್ ಆಸ್ಟಿನ್ 1813ರಲ್ಲಿ ‘ಪ್ರೈಡ್ ಆಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಮದುವೆಗೇ ಮುಗಿಸಿಬಿಟ್ಟರು. ಆಮೇಲಿನ ಕಥೆಯನ್ನು ಎಷ್ಟೋ ಜನ ಬರೆದಿದ್ದಾರೆ. ಅದರಲ್ಲಿ ಕೊಲೆ ಇರುವ ಮೂರನ್ನು ನಾನು ಒಂದರ ಹಿಂದೆ ಒಂದು ಮುಗಿಸಿದೆ. ಪಿ.ಡಿ. ಜೇಮ್ಸ್ ಅವರ ‘ಡೆತ್ ಕಮ್ಸ್ ಟು ಪೆಂಬರ್ಲಿ’ (2011), ಅದನ್ನೇ ಆಧರಿಸಿ ಬಿಬಿಸಿ 2013ರಲ್ಲಿ ತೋರಿಸಿದ ಮೂರು ಕಂತಿನ ಸೀರಿಯಲ್, ಮತ್ತೆ ಕ್ಲಾಡಿಯಾ ಗ್ರೇ ಅವರ ‘ದಿ ಮರ್ಡರ್ ಆಫ್ ಮಿಸ್ಟರ್ ವಿಕ್‌ಹ್ಯಾಮ್’ (2022). ಕೊಲೆಗಾರ ಯಾರು ಅಂತ ಇಲ್ಲಿ ಹೇಳುವುದಿಲ್ಲ, ಹೆದರಬೇಡಿ.

ನನಗೆ ಜಾಸ್ತಿ ಆಸೆ ಇದ್ದದ್ದು ಜೇಮ್ಸ್ ಮೇಲೆ. ಪತ್ತೇದಾರಿ ಕಾದಂಬರಿಯಲ್ಲಿ ಅಷ್ಟು ದೊಡ್ಡ ಹೆಸರು, ಮೇಲಾಗಿ ಆಸ್ಟಿನ್ ಎಂದರೆ ಅವರಿಗೆ ಪ್ರಾಣ. ಆರಂಭವೂ ಚೆನ್ನಾಗಿದೆ. 1803ರ ಒಂದು ಗಾಳಿಮಳೆಯ ರಾತ್ರಿ, ಮರುದಿನ ಡಾರ್ಸಿಯ ಬಂಗಲೆ ಪೆಂಬರ್ಲಿಯಲ್ಲಿ ದೊಡ್ಡ ನೃತ್ಯಕೂಟ. ಎಲಿಜಬೆತ್ ತಂಗಿ ಲಿಡಿಯಾ ಗಾಡಿಯಿಂದ ಬೀಳುತ್ತಾ ಏಳುತ್ತಾ ಇಳಿದು, ಗಂಡ ವಿಕ್‌ಹ್ಯಾಮ್‌ನನ್ನು ಕೊಂದುಬಿಟ್ಟರು ಎಂದು ಕಿರುಚುತ್ತಾಳೆ. ಕಾಡಿನಲ್ಲಿ ಸಿಗುವುದು ಅವನ ಗೆಳೆಯ ಕ್ಯಾಪ್ಟನ್ ಡೆನ್ನಿಯ ಹೆಣ. ಪಕ್ಕದಲ್ಲಿ ರಕ್ತ ಮೆತ್ತಿಕೊಂಡ ವಿಕ್‌ಹ್ಯಾಮ್!

ಅಲ್ಲಿಂದ ಮುಂದೆ ಕಥೆ ಕುಂಟುತ್ತದೆ. ಡೆನ್ನಿ ಗಾಡಿ ಇಳಿದು ಕಾಡಿಗೆ ನುಗ್ಗಿದ ಸಂಗತಿಯನ್ನು ಮೊದಲು ಮನೆಯಲ್ಲಿ ಕೇಳುತ್ತೇವೆ. ಆಮೇಲೆ ಶವದ ವಿಚಾರಣೆಯಲ್ಲಿ, ಆಮೇಲೆ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಮಾತು. ಸತ್ಯವನ್ನು ಹುಡುಕಿ ತೆಗೆಯುವವರೇ ಇಲ್ಲ. ಕೊನೆಗೆ ಅದು ತಾನಾಗಿಯೇ ಬಂದು ಕೈಗೆ ಬೀಳುತ್ತದೆ.

ನನಗೆ ನಿಜಕ್ಕೂ ಬೇಜಾರಾದದ್ದು ಎಲಿಜಬೆತ್ ವಿಷಯದಲ್ಲಿ. ಮೂಲದಲ್ಲಿ, ವಿಕ್‌ಹ್ಯಾಮ್ ನಿಜಕ್ಕೂ ಎಂಥವನು ಎಂದು ತಿಳಿಸುವ ಡಾರ್ಸಿಯ ಪತ್ರ ಬಂದಾಗ ಅವಳು ಏನು ಮಾಡುತ್ತಾಳೆ, ನೆನಪಿದೆಯಾ? ಓದುತ್ತಾಳೆ, ಮತ್ತೆ ಓದುತ್ತಾಳೆ. ವಿಕ್‌ಹ್ಯಾಮ್ ಹೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟು ತಾಳೆ ನೋಡುತ್ತಾಳೆ. ಆಗಷ್ಟೇ ಪರಿಚಯವಾದ ನನ್ನ ಹತ್ತಿರ ಇಷ್ಟೆಲ್ಲ ಯಾಕೆ ಹೇಳಿಕೊಂಡ ಅಂತ ಅನುಮಾನಪಡುತ್ತಾಳೆ. ಇದು ಪತ್ತೇದಾರನ ಬುದ್ಧಿಯೇ ಅಲ್ವಾ? ಡಾರ್ಸಿಯ ತಾಯಿಯ ಸೋದರಿ ಲೇಡಿ ಕ್ಯಾಥರೀನ್ ಮನೆಗೇ ಬಂದು ಗದರಿಸಿದಾಗಲೂ ಒಂದು ಹೆಜ್ಜೆ ಹಿಂದೆ ಸರಿಯದವಳು. ಅಂಥವಳಿಗೆ ಜೇಮ್ಸ್ ಕೊಟ್ಟ ಕೆಲಸ ಅತಿಥಿಗಳನ್ನು ನೋಡಿಕೊಳ್ಳುವುದು, ಚಿಂತೆ ಮಾಡುವುದು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೆಣಕಿ ಮಾತಾಡುವ ಸೊಗಸೂ ಇಲ್ಲ. ಹೆಸರೊಂದು ಬಿಟ್ಟರೆ ಇವಳಲ್ಲಿ ನನ್ನ ಎಲಿಜಬೆತ್ ಸಿಗಲಿಲ್ಲ.

ಬಿಬಿಸಿಯವರಿಗೂ ಇದು ಕಂಡಿರಬೇಕು. ಅದೇ ಕೊಲೆ, ಅದೇ ಕಾಡು. ಆದರೆ ಆನಾ ಮ್ಯಾಕ್ಸ್‌ವೆಲ್ ಮಾರ್ಟಿನ್ ಮಾಡಿರುವ ಎಲಿಜಬೆತ್ ಪ್ರಶ್ನೆ ಕೇಳುತ್ತಾಳೆ, ಓಡಾಡುತ್ತಾಳೆ, ಗಂಡನ ಜೊತೆ ಜಗಳವನ್ನೂ ಆಡುತ್ತಾಳೆ. ಮ್ಯಾಥ್ಯೂ ರೀಸ್ ಅವರ ಡಾರ್ಸಿ ಸ್ವಲ್ಪ ಬಿಗಿ, ನನಗೆ ಅದೇ ಸರಿ ಅನ್ನಿಸಿತು. ಕೊನೆಯ ಕಂತಿನ ಧಾವಂತ ಸಿನಿಮಾದ್ದು, ಆದರೂ ಎದೆ ಹೊಡೆದುಕೊಂಡಿತು.

ಗ್ರೇ ಅವರ ಪುಸ್ತಕದಲ್ಲಿ ಸಾಯುವವನೇ ವಿಕ್‌ಹ್ಯಾಮ್. ‘ಎಮ್ಮಾ’ ಕಾದಂಬರಿಯ ಎಮ್ಮಾ ಮತ್ತು ನೈಟ್ಲಿ ದಂಪತಿಯ ಮನೆಗೆ ಆಸ್ಟಿನ್ ಅವರ ಬೇರೆ ಬೇರೆ ಕಾದಂಬರಿಗಳ ಜೋಡಿಗಳು ಬಂದಿರುತ್ತವೆ. ಅಲ್ಲಿಗೆ ಕರೆಯದೇ ಬಂದವನ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಸಿಟ್ಟು. ಪತ್ತೆಗೆ ಇಳಿಯುವುದು ಮಕ್ಕಳ ತಲೆಮಾರು: ಡಾರ್ಸಿಯ ಮಗ ಜೊನಾಥನ್, ‘ನಾರ್ತ್ಯಾಂಗರ್ ಅಬ್ಬೆ’ ಕಾದಂಬರಿಯ ಟಿಲ್ನಿಯವರ ಮಗಳು ಜೂಲಿಯೆಟ್. ಮದುವೆಯಾಗದ ಹುಡುಗ ಹುಡುಗಿ ಏಕಾಂತದಲ್ಲಿ ಮಾತಾಡಬಾರದು ಎಂಬ ಆ ಕಾಲದ ಕಟ್ಟುಪಾಡೇ ತನಿಖೆಗೆ ಅಡ್ಡಗಾಲು. ಈ ಉಪಾಯ ನನಗೆ ತುಂಬಾ ಹಿಡಿಸಿತು. ಎಲಿಜಬೆತ್ ಇಲ್ಲೂ ಮುಂದಿನ ಸಾಲಿನಲ್ಲಿಲ್ಲ. ಆದರೆ ಲಿಡಿಯಾಳ ಮಗಳು ತೀರಿಕೊಂಡ ದುಃಖ ಅವಳನ್ನೂ ಡಾರ್ಸಿಯನ್ನೂ ದೂರ ಮಾಡಿದೆ. ಆ ಮೌನಕ್ಕೆ ಕಾರಣವಿದೆ, ಹಾಗಾಗಿ ನಂಬಿದೆ. ಜೇಮ್ಸ್ ಅವರ ವಾಕ್ಯಗಳ ತೂಕ ಮಾತ್ರ ಗ್ರೇ ಅವರಿಗಿಲ್ಲ. ಜನವೂ ಜಾಸ್ತಿ, ಯಾರು ಯಾರ ಗಂಡ ಅಂತ ಹಿಂದಿನ ಪುಟ ತಿರುಗಿಸಬೇಕಾಗುತ್ತದೆ.

ಆಸ್ಟಿನ್ ಅವರ ನಾಲ್ಕೈದು ಕಾದಂಬರಿ ಓದಿದ್ದರೆ ಸೀದಾ ಗ್ರೇ ಓದಿ. ಒಂದನ್ನೇ ಓದಿದ್ದರೆ ಸೀರಿಯಲ್ ನೋಡಿ. ಜೇಮ್ಸ್ ಬೇಕೆಂದರೆ ಅವರ ಆಡಮ್ ಡಾಲ್ಗ್ಲೀಶ್ ಪತ್ತೇದಾರಿಗಳಿಂದ ಶುರುಮಾಡಿ, ಪೆಂಬರ್ಲಿಯಿಂದ ಬೇಡ.