ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ: ಮಲೆನಾಡಿನ ಪದವೀಧರರಿಗೆ ಎಷ್ಟು ಉಪಯುಕ್ತ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಿರುದ್ಯೋಗಿ ಪದವೀಧರರು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ಅರ್ಜಿ ಹಾಕಬಹುದೇ ಎಂದು ಯಾರಾದರೂ ಕೇಳಿದರೆ, ಶಿವಮೊಗ್ಗದಲ್ಲಿಯೋ ಭದ್ರಾವತಿಯಲ್ಲಿಯೋ ಅವಕಾಶ ಸಿಕ್ಕರೆ ಖಂಡಿತ ಸೇರಿ, ಬೆಂಗಳೂರಿನಲ್ಲಿ ಸಿಕ್ಕರೆ ಉಳಿದುಕೊಳ್ಳಲು ನೆಂಟರ ಮನೆ ಇದ್ದಾಗ ಮಾತ್ರ ಹೊರಡಿ ಎನ್ನುವುದು ನನ್ನ ಉತ್ತರ. ಬಿ.ಕಾಂ. ಮುಗಿಸಿದ ತಂಗಿಯ ಮಗಳಿಗಾಗಿ ಈ ಯೋಜನೆಯನ್ನೂ, ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್ ತರಬೇತಿ ಮತ್ತು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿ ಎಂಬ ಇನ್ನೆರಡನ್ನೂ ಹತ್ತಿರದಿಂದ ನೋಡಿದ ಮೇಲೆ ಬಂದ ಅಭಿಪ್ರಾಯ ಇದು.

2024ರ ಜುಲೈನ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಯೋಜನೆಯ ಗುರಿ, 5 ವರ್ಷಗಳಲ್ಲಿ 1 ಕೋಟಿ ಯುವಜನರಿಗೆ ದೇಶದ 500 ದೊಡ್ಡ ಕಂಪನಿಗಳಲ್ಲಿ 12 ತಿಂಗಳ ಅನುಭವ ಕೊಡಿಸುವುದು. 2024ರ ಪ್ರಾಯೋಗಿಕ ಹಂತದ ನಿಯಮದಂತೆ 21ರಿಂದ 24 ವರ್ಷದೊಳಗಿನ, ಪೂರ್ಣಾವಧಿ ಓದಿನಲ್ಲಾಗಲಿ ಉದ್ಯೋಗದಲ್ಲಾಗಲಿ ಇಲ್ಲದ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಅಭ್ಯರ್ಥಿಗಳಿಗೆ ತಿಂಗಳಿಗೆ 5,000 ರೂಪಾಯಿ ನಿಗದಿಯಾಗಿತ್ತು. ಅದರಲ್ಲಿ 4,500 ಕೇಂದ್ರ ಸರ್ಕಾರದ್ದು, 500 ಕಂಪನಿಯದ್ದು. ಸೇರುವಾಗ ಒಮ್ಮೆ 6,000 ರೂಪಾಯಿ ಕೊಡುತ್ತಾರೆ, ವಿಮೆಯೂ ಇದೆ. ಅವಧಿಯ ಕನಿಷ್ಠ ಅರ್ಧಭಾಗ ತರಗತಿಯಲ್ಲಿ ಕೂರದೆ ನಿಜವಾದ ಕೆಲಸದ ಜಾಗದಲ್ಲೇ ಕಳೆಯಬೇಕೆಂಬ ಷರತ್ತು ನನಗೆ ತುಂಬ ಹಿಡಿಸಿತು.

ಅರ್ಜಿಗೆ ಶುಲ್ಕವಿಲ್ಲ. ಆಧಾರ್ ದೃಢೀಕರಣ ಮುಗಿದು ವಿವರ ತುಂಬಿದರೆ ಪೋರ್ಟಲ್ಲೇ ಸ್ವವಿವರ ಸಿದ್ಧಪಡಿಸುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮ ಕಡೆ, ಒಟಿಪಿಗಾಗಿ ಗುಡ್ಡದ ಮೇಲೆ ಕಾದು ನಿಲ್ಲುವ ಬದಲು ತಾಲ್ಲೂಕು ಕೇಂದ್ರಕ್ಕೆ ಹೋಗಿ ಅರ್ಜಿ ತುಂಬುವುದೇ ಮೇಲು. ಹಣ ನೇರವಾಗಿ ಖಾತೆಗೆ ಬರುವುದರಿಂದ, ಖಾತೆ ಆಧಾರ್‌ಗೆ ಜೋಡಣೆಯಾಗಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಯೋಜನೆ ಸೋಲುವುದು ದೂರದ ಲೆಕ್ಕದಲ್ಲಿ. ನಮ್ಮ ಹುಡುಗಿಗೆ ಬಂದ ಆಹ್ವಾನ ಬೆಂಗಳೂರಿನ ಹೊರವಲಯದ ಕಚೇರಿಯೊಂದರದ್ದು. ಅಲ್ಲಿ 5,000 ರೂಪಾಯಿಯೊಳಗೆ ಪಿ.ಜಿ. ಬಾಡಿಗೆ, ಊಟ, ಬಸ್ಸಿನ ಖರ್ಚು ಎಲ್ಲವನ್ನೂ ತೂಗಿಸುವುದು ಸಾಧ್ಯವಿಲ್ಲ; ಉಳಿದದ್ದನ್ನು ಮನೆಯವರು ಕಳಿಸಬೇಕು, ಅಂದರೆ ಕೆಲಸವಿಲ್ಲದ ಮಗಳನ್ನು ಕೆಲಸ ಕಲಿಯಲು ಕಳಿಸಿದ ಮನೆಯವರೇ ವರ್ಷವಿಡೀ ಸಂಬಳ ಕೊಟ್ಟಂತೆ. (ಅಡಿಕೆ ಸುಗ್ಗಿಯಲ್ಲಿ ಸುಲಿಯಲು ಕೂತವರೂ ತಿಂಗಳಿಗೆ ಇದಕ್ಕಿಂತ ಹೆಚ್ಚು ದುಡಿಯುತ್ತಾರೆ.) ಅವಳು ಒಪ್ಪಲಿಲ್ಲ. ಇದು ಒಬ್ಬಳ ಕಥೆಯೂ ಅಲ್ಲ: ಮೊದಲ ಸುತ್ತಿನಲ್ಲಿ ಸುಮಾರು 82,000 ಆಹ್ವಾನಗಳು ಹೋಗಿದ್ದರೂ ಒಪ್ಪಿಕೊಂಡವರು 28,000ದಷ್ಟು, ಕೊನೆಗೆ ಸೇರಿದವರು ಸುಮಾರು 8,700 ಮಾತ್ರ ಎಂದು ಸಂಸತ್ತಿಗೆ ತಿಳಿಸಲಾಗಿದೆ. ಜಾಗ ದೂರವಾದದ್ದು ಸರ್ಕಾರವೇ ಒಪ್ಪಿದ ಕಾರಣಗಳಲ್ಲೊಂದು.

ಇದಕ್ಕೆ ಹೋಲಿಸಿದರೆ, ಯಾರೂ ಅಷ್ಟಾಗಿ ಜಾಹೀರಾತು ಮಾಡದ ಹಳೆಯ ಅಪ್ರೆಂಟಿಸ್ ವ್ಯವಸ್ಥೆಯೇ ನಮ್ಮ ಜಿಲ್ಲೆಗೆ ಹೆಚ್ಚು ಹೊಂದುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹಾಗಾಗಿ ಮಾಚೇನಹಳ್ಳಿಯ ಫೌಂಡ್ರಿಗಳಂಥ (ಲೋಹ ಎರಕದ ಕಾರ್ಖಾನೆ) ಕಡೆಯೂ ಕೇಳಿ ನೋಡಬಹುದು. 2019ರ ನಿಯಮದಂತೆ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ನಿಗದಿಯಾಗಿತ್ತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಅದರ ಅರ್ಧವನ್ನು ಕೇಂದ್ರವೇ ಭರಿಸುತ್ತದೆ. ಎಂಜಿನಿಯರಿಂಗ್ ಓದದ ಪದವೀಧರರಿಗೂ ಅವಕಾಶವಿದೆ, ಆದರೆ ನಮ್ಮ ಜಿಲ್ಲೆಯಲ್ಲಿ ಬಿ.ಎ. ಮಾಡಿದವರಿಗೆ ಹೊಂದುವ ಜಾಗ ಹುಡುಕುವುದು ಕಷ್ಟ ಎಂಬುದನ್ನು ಮುಚ್ಚಿಡಬಾರದು. ಲೆಕ್ಕಪತ್ರ ಬಲ್ಲವರ ಸ್ಥಿತಿ ಸ್ವಲ್ಪ ಉತ್ತಮ. ನಮ್ಮ ಹುಡುಗಿ ಈಗ ಶಿವಮೊಗ್ಗದಲ್ಲೇ ಅಕೌಂಟ್ಸ್ ವಿಭಾಗವೊಂದರಲ್ಲಿ ಅಪ್ರೆಂಟಿಸ್ ಆಗಿದ್ದಾಳೆ. ಒಂದು ಎಚ್ಚರಿಕೆ: ಒಮ್ಮೆ ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಪ್ರಧಾನಮಂತ್ರಿ ಇಂಟರ್ನ್‌ಶಿಪ್‌ನ ಬಾಗಿಲು ಮುಚ್ಚುತ್ತದೆ, ಆದ್ದರಿಂದ ಹೆಸರಾಂತ ಕಂಪನಿಯೇ ಬೇಕೆನ್ನುವವರು ಯಾವುದು ಮೊದಲು ಎಂದು ಯೋಚಿಸಿ ಸಹಿ ಹಾಕಬೇಕು.

ಯುವನಿಧಿಯನ್ನು ಇವುಗಳ ಸಾಲಿಗೆ ಸೇರಿಸಲಾರೆ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ, ಹಳೆಯ ಜೈಲಿನ ಆವರಣದ ಫ್ರೀಡಂ ಪಾರ್ಕಿನಲ್ಲಿ ಚಾಲನೆ ಪಡೆದ ಈ ಯೋಜನೆ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ 2 ವರ್ಷ ಕೊಡುತ್ತದೆ. ಕೆಲಸ ಹುಡುಕುವ ದಿನಗಳ ಬಸ್ ಚಾರ್ಜು, ಅರ್ಜಿ ಶುಲ್ಕಕ್ಕೆ ಇದು ನಿಜವಾಗಿ ಒದಗುವ ಹಣ. ಕೆಲಸವಿಲ್ಲವೆಂಬ ಸ್ವಯಂಘೋಷಣೆಯನ್ನು ಹೇಳಿದ ಗಡುವಿನೊಳಗೆ ಸಲ್ಲಿಸುವುದೊಂದು ಜವಾಬ್ದಾರಿ. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಈ ಭತ್ಯೆ ಇಲ್ಲ, ಆದರೆ 3,000 ಬಿಟ್ಟು 9,000ಕ್ಕೆ, ಅದೂ ಸಂಜೆ ಮನೆಗೆ ಮರಳುವಷ್ಟು ಹತ್ತಿರದ ಕೆಲಸಕ್ಕೆ ಹೋಗುವವರು ಇದಕ್ಕಾಗಿ ಹಿಂಜರಿಯಬೇಕಾಗಿಲ್ಲ.